ಸ್ವರ್ಗದ ಬಿದಿರು: ಯಾರ ಅಂಗಳಕ್ಕೆ, ಯಾವ ಜಾತಿ

ನಮ್ಮ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ಈಗ ಹೊಸ ಮನೆ ಕಟ್ಟಿದವರು ಗೃಹಪ್ರವೇಶಕ್ಕೆ ಮೊದಲೇ ನರ್ಸರಿಗೆ ಹೋಗುತ್ತಾರೆ. ಹಿಂದೆ ಅಂಗಳವೆಂದರೆ ತುಳಸಿಕಟ್ಟೆ, ಒಂದು ದಾಸವಾಳ, ಒಂದು ಮಲ್ಲಿಗೆ ಬಳ್ಳಿ, ಹಿತ್ತಿಲಲ್ಲಿ ನುಗ್ಗೆ ಮತ್ತು ಕರಿಬೇವು. ಈಗ ಕಂಪೌಂಡ್ ಗೋಡೆ ಬಂತು, ಗೇಟು ಬಂತು, ಗೇಟಿನ ಎರಡೂ ಬದಿಗೆ ಏನಾದರೂ ‘ಶೋ ಗಿಡ’ ಬೇಕೆಂಬ ಆಸೆಯೂ ಬಂತು. ಆಸೆಯಲ್ಲಿ ತಪ್ಪೇನಿಲ್ಲ. ದಿನವಿಡೀ ಮಗ್ಗದ ಸದ್ದಿನಲ್ಲಿದ್ದವರಿಗೆ, ಕಬ್ಬಿನ ಗದ್ದೆಯಲ್ಲಿ ದುಡಿದವರಿಗೆ ಸಂಜೆ ಮನೆಗೆ ಬಂದಾಗ ಕಣ್ಣಿಗೆ ತಂಪಾಗುವ ನಾಲ್ಕು ಎಲೆ ಬೇಕೇ ಬೇಕು.

ಹಾಗೆ ಹೋದವರ ಮುಂದೆ ನರ್ಸರಿಯವರು ಒಂದು ಗಿಡ ತಂದಿಡುವುದುಂಟು. ತೆಳ್ಳಗಿನ ಕೋಲುಗಳು, ಮೇಲೆ ಕೆಂಪು-ಹಸಿರು ಬೆರೆತ ಸೂಕ್ಷ್ಮ ಎಲೆಗಳು. “ಕಾಕಾ, ಹೇ ಘ್ಯಾ, ಹೆವೆನ್ಲಿ ಬಾಂಬೂ ಆಹೇ” ಎನ್ನುತ್ತಾರೆ. ಕಾಕಾ ಬಿದಿರು ಎಂದು ಕೇಳಿಸಿಕೊಂಡು ಹಿಂದೆ ಸರಿಯುತ್ತಾರೆ. “ಬಿದಿರು ಹಚ್ಚಿದರ ಗ್ವಾಡಿ ಸೀಳತೈತಿ, ಹಾವು ಬರ್ತಾವು, ಬ್ಯಾಡ” ಎಂದು ಮನೆಯವರ ಕಡೆ ನೋಡುತ್ತಾರೆ. ಮಗಳು ಮಾತ್ರ ಆ ಕೆಂಪು ಚಿಗುರನ್ನೇ ನೋಡುತ್ತ ನಿಂತಿರುತ್ತಾಳೆ. ಇಂದಿನ ಮಾತು ಆ ಗಿಡದ ಕುರಿತು. ತರಬೇಕೆ, ತಂದರೆ ಅದರಲ್ಲಿ ಯಾವ ಬಗೆ, ಎಲ್ಲಿ ನೆಡಬೇಕು, ಯಾರ ಮನೆಗೆ ಅದು ಬೇಡವೇ ಬೇಡ, ಇಷ್ಟನ್ನು ಹೇಳುತ್ತೇನೆ.

ಮೊದಲ ಮಾತು, ಇದು ಬಿದಿರಲ್ಲ. ಬಿದಿರು ಹುಲ್ಲಿನ ಕುಲದ್ದು, ನಮ್ಮ ಜೋಳ, ಕಬ್ಬು, ಭತ್ತದ ಬಳಗ. ಈ ಗಿಡ ದಾರುಹರಿದ್ರೆಯ ಕುಟುಂಬಕ್ಕೆ ಸೇರಿದ್ದು. ಮರಾಠಿಯಲ್ಲಿ ದಾರುಹಳದ ಎಂದು ಗಂಧಿಗೆ ಅಂಗಡಿಯಲ್ಲಿ ಹಳದಿ ಬಣ್ಣದ ಕಟ್ಟಿಗೆ ಚೂರು ಕೊಡುತ್ತಾರಲ್ಲ, ಅದರ ನೆಂಟ. ಈ ಗಿಡದ ಕೋಲನ್ನು ಚಾಕುವಿನಿಂದ ಕೆರೆದರೆ ಒಳಗಿನ ಕಟ್ಟಿಗೆಯೂ ಹಳದಿಯಾಗಿಯೇ ಇರುತ್ತದೆ. ಎರಡರಲ್ಲೂ ಬರ್ಬೆರಿನ್ ಎಂಬ ಒಂದೇ ಹಳದಿ ವಸ್ತುವಿದೆ. ಬಿದಿರಿನ ಕೋಲು ಟೊಳ್ಳು, ಇದು ಗಟ್ಟಿ. ಉದುರಿದ ಎಲೆಗಳ ಗುರುತು ಕೋಲಿನ ಮೇಲೆ ಗೆಣ್ಣಿನ ಹಾಗೆ ಉಳಿಯುವುದರಿಂದ ದೂರದಿಂದ ನೋಡಿದವರಿಗೆ ಬಿದಿರಿನಂತೆ ಕಾಣುತ್ತದೆ, ಅಷ್ಟೆ.

ಎಲೆಯಲ್ಲಿ ಗುರುತು ಹಿಡಿಯುವುದು ಇನ್ನೂ ಸುಲಭ. ನುಗ್ಗೆಸೊಪ್ಪು ಬಿಡಿಸಿದ ತಾಯಂದಿರಿಗೆ ನಾನು ಹೇಳಬೇಕಾದ್ದೇ ಇಲ್ಲ. ನುಗ್ಗೆಯ ಒಂದು ಎಲೆಯೆಂದರೆ ದೇಟು, ದೇಟಿಗೆ ಕವಲು, ಆ ಕವಲಿಗೆ ಮತ್ತೆ ಕವಲು, ಅದರ ಮೇಲೆ ಸಣ್ಣ ಎಲೆ. ಈ ಗಿಡದ ಎಲೆಯ ಕಟ್ಟೂ ಹಾಗೆಯೇ. ಆದರೆ ನುಗ್ಗೆಯ ಸಣ್ಣೆಲೆ ದುಂಡಗೆ, ಇದರದು ಬಿದಿರಿನೆಲೆಯ ಹಾಗೆ ತುದಿ ಚೂಪು. ನುಗ್ಗೆಯ ಕಟ್ಟು, ಬಿದಿರಿನ ತುದಿ ಎಂದು ನೆನಪಿಟ್ಟುಕೊಂಡರೆ ಯಾವ ನರ್ಸರಿಯಲ್ಲಿಯೂ ನೀವು ಮೋಸ ಹೋಗುವುದಿಲ್ಲ. ಮೋಸವೆಂದೆ, ಏಕೆಂದರೆ ‘ಬಾಂಬೂ’ ಎಂಬ ಹೆಸರಿನಲ್ಲಿ ಇನ್ನೂ ಎರಡು-ಮೂರು ಗಿಡ ಮಾರಾಟವಾಗುತ್ತವೆ. ಗಾಜಿನ ಬಟ್ಟಲಿನಲ್ಲಿ ನೀರು ಹಾಕಿ, ಕೆಂಪು ದಾರ ಕಟ್ಟಿ ಕೊಡುವ ‘ಲಕ್ಕಿ ಬಾಂಬೂ’ ಕೂಡ ಬಿದಿರಲ್ಲ. ಅದು ಆಫ್ರಿಕಾದಿಂದ ಬಂದ ಡ್ರಸೀನಾ. ಹಳದಿ ಕೋಲಿನ ಮೇಲೆ ಹಸಿರು ಗೆರೆಯುಳ್ಳ ‘ಗೋಲ್ಡನ್ ಬಾಂಬೂ’ ಮಾತ್ರ ನಿಜವಾದ ಬಿದಿರು. ಅದು ಎರಡಾಳು, ಮೂರಾಳು ಎತ್ತರ ಬೆಳೆದು ದೊಡ್ಡ ಮೆಳೆಯಾಗುತ್ತದೆ. ಗೇಟಿನ ಬದಿಗೆ ಅದನ್ನು ನೆಟ್ಟರೆ ಕಾಕಾ ಹೇಳಿದ ಗೋಡೆಯ ಮಾತು ಒಂದು ದಿನ ನಿಜವೇ ಆದೀತು.

ಹೆಸರಿನ ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಈ ಗಿಡಕ್ಕೆ ನಂದಿನಾ ಡೊಮೆಸ್ಟಿಕಾ ಎಂದು ಹೆಸರು. ‘ನಂದಿನಾ’ ಎಂದೊಡನೆ ನಮ್ಮ ಕನ್ನಡದ ಕಿವಿ ‘ನಂದಿಬಟ್ಟಲು’ ಎಂದು ಕೇಳಿಸಿಕೊಳ್ಳುತ್ತದೆ. ಅದು ದೇವರಿಗೇರಿಸುವ ಬಿಳಿ ಹೂವಿನ ಗಿಡ, ಮರಾಠಿಯಲ್ಲಿ ತಗರ. ಎರಡಕ್ಕೂ ಸಂಬಂಧವಿಲ್ಲ, ನಂದಿಗೂ ಇದಕ್ಕೂ ಸಂಬಂಧವಿಲ್ಲ. ಸ್ವೀಡನ್ ದೇಶದ ಥುನ್ಬರ್ಗ್ ಎಂಬ ಸಸ್ಯಶಾಸ್ತ್ರಜ್ಞ 1775-76ರಲ್ಲಿ ಜಪಾನಿನಲ್ಲಿದ್ದಾಗ ಈ ಗಿಡವನ್ನು ಕಂಡ. ಅಲ್ಲಿಯ ಜನ ಅದನ್ನು ‘ನಾಂಟೆನ್’ ಎನ್ನುತ್ತಿದ್ದರು. ಅದನ್ನೇ ಲ್ಯಾಟಿನ್ ಅಚ್ಚಿಗೆ ಹಾಕಿ 1781ರಲ್ಲಿ ನಂದಿನಾ ಎಂದು ಬರೆದ. ಡೊಮೆಸ್ಟಿಕಾ ಎಂದರೆ ಮನೆಗೆ ಸೇರಿದ್ದು. ಮನೆಮನೆಯ ಬಾಗಿಲಲ್ಲಿ ಅದನ್ನು ನೋಡಿದ್ದಕ್ಕೆ ಆ ಹೆಸರು ಒಪ್ಪುತ್ತದೆ.

ಎರಡು ಭಾಷೆಯ ನಡುವೆ ಬಾಳುವ ನಮಗೆ ಇನ್ನೊಂದು ಮಾತು ರುಚಿಸಬಹುದು. ಚೀನದಲ್ಲಿ ಈ ಗಿಡಕ್ಕೆ ‘ನಾನ್ ಥಿಯನ್ ಝು’ ಎನ್ನುತ್ತಾರೆ. ಕೊನೆಯ ಅಕ್ಷರವನ್ನು ಒಂದು ರೀತಿ ಬರೆದರೆ ಬಿದಿರು ಎಂದಾಗುತ್ತದೆ. ಇನ್ನೊಂದು ರೀತಿ ಬರೆದರೆ ‘ಥಿಯನ್ ಝು’ ಎಂಬುದು ಭಾರತಕ್ಕೆ ಚೀನೀಯರಿಟ್ಟ ಹಳೆಯ ಹೆಸರು, ಮುಂದೆ ‘ನಾನ್’ ಸೇರಿದರೆ ದಕ್ಷಿಣ ಭಾರತ. ಎರಡೂ ಬರವಣಿಗೆ ಬಳಕೆಯಲ್ಲಿವೆ. ಒಂದೇ ಸದ್ದು, ಎರಡು ಅರ್ಥ. ಇನ್ನು ಜಪಾನೀಯರು ನಾಂಟೆನ್ ಶಬ್ದವನ್ನು ಒಡೆದು ‘ಕಷ್ಟವನ್ನು ತಿರುಗಿಸುವುದು’ ಎಂದು ಶ್ಲೇಷೆ ಮಾಡಿಕೊಂಡರು. ಅದಕ್ಕೇ ಬಾಗಿಲ ಬಳಿ ನೆಡುವುದು, ಶುಭಕಾರ್ಯದಲ್ಲಿ ಕೆಂಪು ಅಲಸಂದೆಯಂಥ ಕಾಳು ಬೆರೆಸಿದ ಅನ್ನದ ಮೇಲೆ ಇದರ ಒಂದು ಎಲೆ ಇಟ್ಟು ಕೊಡುವುದು ಅಲ್ಲಿಯ ರೂಢಿ. ದಸರೆಗೆ ಬನ್ನಿ ಕೊಡುವ ನಮಗೆ ಎಲೆಯ ಈ ಮರ್ಯಾದೆ ಹೊಸದೇನಲ್ಲ.

ಈಗ ಗಿಡದ ಸ್ವಭಾವ. ಮೂಲ ಜಾತಿ ಆರರಿಂದ ಎಂಟು ಅಡಿ ಎತ್ತರ ಬೆಳೆಯುತ್ತದೆ. ಬುಡದಿಂದ ಹತ್ತಾರು ಕೋಲುಗಳು ನೇರವಾಗಿ ಏಳುತ್ತವೆ, ಕೋಲಿಗೆ ಕೊಂಬೆ ಕಡಿಮೆ, ಎಲೆಯೆಲ್ಲ ಮೇಲುಭಾಗದಲ್ಲಿ. ಬೇಸಿಗೆಯ ಹೊತ್ತಿಗೆ ತುದಿಯಲ್ಲಿ ಸಣ್ಣ ಬಿಳಿ ಹೂವಿನ ಗೊಂಚಲು, ಚಳಿಗಾಲಕ್ಕೆ ಬಟಾಣಿಗಿಂತ ಸ್ವಲ್ಪ ಚಿಕ್ಕದಾದ ಕೆಂಪು ಹಣ್ಣಿನ ಗೊಂಚಲು. ಬಿದಿರು ಹೂಬಿಟ್ಟರೆ ಬರಗಾಲ, ಹೂಬಿಟ್ಟ ಬಿದಿರು ಸಾಯುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಬಿದಿರು ಸಾಯುವ ಮಾತು ನಿಜ. ಹಲವು ವರ್ಷಕ್ಕೊಮ್ಮೆ ಮೆಳೆಗೆ ಮೆಳೆಯೇ ಹೂಬಿಟ್ಟು, ಬಿದಿರಕ್ಕಿ ಉದುರಿಸಿ ಒಣಗುತ್ತದೆ. ಸ್ವರ್ಗದ ಬಿದಿರಿಗೆ ಅದು ಅನ್ವಯಿಸುವುದಿಲ್ಲ. ಇದು ವರ್ಷವರ್ಷ ಹೂಬಿಡುತ್ತದೆ, ವರ್ಷವರ್ಷ ಬದುಕುತ್ತದೆ. ಹೂ ಕಂಡು ಹೆದರಿ ಕಿತ್ತುಹಾಕಬೇಕಾಗಿಲ್ಲ. ಇದರ ಬೇರು ಗೋಡೆಯನ್ನೂ ಸೀಳುವುದಿಲ್ಲ.

ಎಲೆಯ ಬಣ್ಣಕ್ಕಾಗಿಯೇ ಇದನ್ನು ಸಾಕುವವರು ಹೆಚ್ಚು. ಚಿಗುರು ತಾಮ್ರದ ಬಣ್ಣ, ಬಲಿತ ಎಲೆ ಹಸಿರು, ಚಳಿ ಬಿದ್ದಾಗ ಕೆಂಪು. ಇಲ್ಲಿ ನಾನು ಕೇಳುಗರಿಗೆ ನೇರವಾಗಿಯೇ ಹೇಳಬೇಕು. ಫೋಟೋದಲ್ಲಿ ಕಾಣುವ ಆ ಉರಿಗೆಂಪು ಚೀನ-ಜಪಾನಿನ ಚಳಿಯ ಬಣ್ಣ. ಅಲ್ಲಿ ರಾತ್ರಿಯ ಚಳಿ ಸೊನ್ನೆಗೆ ಇಳಿಯುತ್ತದೆ. ನಮ್ಮ ಕೊಲ್ಹಾಪುರದಲ್ಲಿ ಜನವರಿಯ ರಾತ್ರಿ ಸಾಮಾನ್ಯವಾಗಿ 14-15 ಡಿಗ್ರಿ. ಅಷ್ಟು ಚಳಿಗೆ ಎಲೆ ಕಂದುಗೆಂಪಿಗೆ ತಿರುಗೀತೇ ಹೊರತು ಬೆಂಕಿಯ ಬಣ್ಣ ಬರುವುದು ಕಷ್ಟ. ಪನ್ಹಾಳದ ಮೇಲೆ, ಆಜರಾದಿಂದ ಅಂಬೋಲಿಯ ಕಡೆ ಹೋಗುವ ಎತ್ತರದ ಊರುಗಳಲ್ಲಿ ಬಣ್ಣ ಸ್ವಲ್ಪ ಹೆಚ್ಚು. ಪರದೇಶದ ಗಿಡಗಳನ್ನು ಇಲ್ಲಿ ಎತ್ತರದ ಜಾಗ ಹುಡುಕಿ ಪರೀಕ್ಷಿಸುವುದು ಹೊಸ ಮಾತೂ ಅಲ್ಲ, ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಚಹಾ, ಕಾಫಿ ಬೆಳೆಸಲು ಪನ್ಹಾಳವನ್ನೇ ಆರಿಸಿಕೊಂಡಿದ್ದರು.

ಇನ್ನು ಬಗೆಗಳು. ಇದರಲ್ಲಿ ಹತ್ತಾರು ತಳಿಗಳಿವೆ. ಎಡೋ ಕಾಲದ ಜಪಾನಿನಲ್ಲಿ ದಾರದಂತೆ ಎಲೆ ಸೀಳಿದ ನಾಂಟೆನ್ ತಳಿಗಳನ್ನು ಕುಂಡದಲ್ಲಿ ಬೆಳೆಸುವುದು ಶ್ರೀಮಂತರ ಹವ್ಯಾಸವಾಗಿತ್ತು. ನಮಗೆ ಬೇಕಾದವು ನಾಲ್ಕೈದು ಮಾತ್ರ. ‘ನಾನಾ’ ಎಂಬುದು ಕುಳ್ಳ ಜಾತಿ, ಒಂದೂವರೆ-ಎರಡು ಅಡಿ. ಹೆಸರು ಕೇಳಿ ನಗಬೇಡಿ, ಲ್ಯಾಟಿನ್ನಿನಲ್ಲಿ ನಾನಾ ಎಂದರೆ ಕುಳ್ಳ. ಅದರ ಎಲೆ ಕೆಲವೊಮ್ಮೆ ಮುದುಡಿ ದೊನ್ನೆಯಾಗುತ್ತದೆ, ಹಳೆಯ ಗಿಡಗಳಲ್ಲಿ ಅದಕ್ಕೆ ವೈರಸ್ ಕಾರಣ. ‘ಫೈರ್ ಪವರ್’ ಅದೇ ಎತ್ತರದ್ದು, ಎಲೆ ಅಗಲ, ಕೆಂಪು ಹೆಚ್ಚು, ಹಣ್ಣು ಬಿಡುವುದಿಲ್ಲ ಎಂದೇ ಹೇಳಬೇಕು. ‘ಗಲ್ಫ್ ಸ್ಟ್ರೀಮ್’ ಮೂರಡಿಯ ದುಂಡು ಪೊದೆ, ಹಣ್ಣು ಅಪರೂಪ. ‘ಹಾರ್ಬರ್ ಡ್ವಾರ್ಫ್’ ನೆಲದೊಳಗೆ ಹಬ್ಬಿ ಮರಿ ಹಾಕುತ್ತ ಅಗಲವಾಗುತ್ತದೆ. ಇದು ಹಣ್ಣು ಬಿಡುವ ತಳಿ. ‘ಆಲ್ಬಾ’ ಬಿಳಿಹಣ್ಣಿನದು, ಎಲೆ ಕೆಂಪಾಗುವುದಿಲ್ಲ. ‘ರಿಚ್‌ಮಂಡ್’ ಎತ್ತರದ್ದು, ಹಣ್ಣು ರಾಶಿರಾಶಿ. ಹಣ್ಣಿನ ಮಾತನ್ನು ಇಷ್ಟು ಎಣಿಸಿ ಎಣಿಸಿ ಏಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ. ನರ್ಸರಿಯಲ್ಲಿ ತಳಿಯ ಚೀಟಿ ಇರುವುದು ಅಪರೂಪ. ಆಗ “ಹ್ಯಾಲಾ ಫಳಂ ಯೇತಾತ ಕಾ?” ಎಂದು ಕೇಳಿ. ಮೂರಡಿಗಿಂತ ಮೇಲೆ ಬೆಳೆಯುತ್ತದೆಯೆ ಎಂದೂ ಕೇಳಿ. ಈ ಎರಡು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ತಳಿಯ ಇಂಗ್ಲಿಷ್ ಹೆಸರು ಗೊತ್ತಿರದಿದ್ದರೂ ನಡೆಯುತ್ತದೆ.

ಎಲ್ಲಿ ನೆಡಬೇಕು ಎಂಬುದು ಊರಿನಿಂದ ಊರಿಗೆ ಬೇರೆ. ಈ ಗಿಡಕ್ಕೆ ಬೇಕಾದ್ದು ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ನೀರು ನಿಲ್ಲದ ಮಣ್ಣು, ಸ್ವಲ್ಪ ಹುಳಿಗುಣದ ನೆಲ. ಆಜರಾ, ಚಂದಗಡ ಕಡೆಯ ಕೆಂಪು ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಗಡಹಿಂಗ್ಲಜ ತಾಲೂಕಿನಲ್ಲಿ ಹಲಕರ್ಣಿ, ಬಸರ್ಗೆ, ನೂಲ ಭಾಗದವರು ತಮ್ಮ ಮಣ್ಣು ಮಸಾರಿಯೋ ಎರೆಯೋ ನೋಡಿಕೊಳ್ಳಬೇಕು. ಮಸಾರಿಯಾದರೆ ನೆಲದಲ್ಲಿಯೇ ನೆಡಬಹುದು. ಎರೆಯಾದರೆ ಎರಡಡಿ ಗುಂಡಿ ತೆಗೆದು, ತಳಕ್ಕೆ ಮುರುಮು ಹಾಕಿ, ಅರ್ಧ ಕೆಂಪು ಮಣ್ಣು ಬೆರೆಸಿ, ನೆಲಮಟ್ಟಕ್ಕಿಂತ ಗೇಣು ಎತ್ತರದ ದಿಬ್ಬದ ಮೇಲೆ ನೆಡಬೇಕು.

ಶಿರೋಳ ಭಾಗದ ಕಷ್ಟ ಬೇರೆ. ಕೃಷ್ಣಾ-ಪಂಚಗಂಗಾ ಬಯಲಿನಲ್ಲಿ ವರ್ಷಗಟ್ಟಲೆ ಕಬ್ಬಿಗೆ ನೀರು ಹಾಯಿಸಿ ನೆಲ ಸವಳು ಹಿಡಿದಿರುವುದನ್ನು ಅಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ಮರಾಠಿಯಲ್ಲಿ ಕ್ಷಾರಪಡ ಎನ್ನುವುದು ಅದನ್ನೇ. ಸವಳು ನೆಲದಲ್ಲಿ ಈ ಗಿಡದ ಎಲೆ ಮೊದಲು ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಅನ್ನಭೇದಿ, ಎಂದರೆ ಹಿರಾಕಸ, ಒಂದು ಲೀಟರ್ ನೀರಿಗೆ ಐದು ಗ್ರಾಂ ಕರಗಿಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿದರೆ ಎಲೆ ಹಸಿರಾಗುತ್ತದೆ. ಆದರೆ ಅದು ಮತ್ತೆ ಮತ್ತೆ ಮಾಡಬೇಕಾದ ಉಪಚಾರ. ಅದಕ್ಕಿಂತ ಕುಂಡದಲ್ಲಿ ಬೆಳೆಸುವುದು ಲೇಸು. ಮೇಲಾಗಿ ಆ ಬಯಲಿಗೆ 2005ರಲ್ಲಿ, 2019ರಲ್ಲಿ, 2021ರಲ್ಲಿ ಮಹಾಪೂರ ಬಂದದ್ದನ್ನು ಯಾರೂ ಮರೆತಿಲ್ಲ. ದಿನಗಟ್ಟಲೆ ನೀರಲ್ಲಿ ನಿಂತರೆ ಈ ಗಿಡದ ಬೇರು ಕೊಳೆಯುತ್ತದೆ. ಕುಂಡವಾದರೆ ಮಾಳಿಗೆಗೆ ಎತ್ತಿಡಬಹುದು, ಮನುಷ್ಯರು-ದನಕರು ಸುರಕ್ಷಿತವಾದ ಮೇಲೆ, ಎನ್ನುವ ಮಾತೂ ಅದರೊಡನೆ ಇದೆ.

ಇಚಲಕರಂಜಿಯವರಿಗೆ ಜಾಗವೇ ಚಿಕ್ಕದು. ಮಗ್ಗದ ಶೆಡ್ಡಿಗೂ ಮನೆಗೂ ನಡುವೆ ನಾಲ್ಕಡಿ ಓಣಿ, ಅರ್ಧ ದಿನ ನೆರಳು. ಬೇರೆ ಹೂಗಿಡಗಳು ಬಾಳದ ಇಂಥ ಜಾಗದಲ್ಲಿ ನಂದಿನಾ ಚೆನ್ನಾಗಿ ಬಾಳುತ್ತದೆ. ನೆರಳಲ್ಲಿ ಕೆಂಪು ಕಡಿಮೆ, ಹಸಿರು ಹೆಚ್ಚು, ಅಷ್ಟೇ ವ್ಯತ್ಯಾಸ. ಒಂದೇ ಎಚ್ಚರಿಕೆ, ನೀರು. ಊರಿನ ನಳದ ನೀರಿನ ತೊಂದರೆ ಎಲ್ಲರಿಗೂ ಗೊತ್ತು. ಹಾಗೆಂದು ಬಣ್ಣ ಹಾಕುವ ಕಾರ್ಖಾನೆಗಳ ಕಡೆಯಿಂದ ಹರಿದುಬರುವ ನಾಲೆಯ ನೀರನ್ನು ಗಿಡಕ್ಕೆ ಹಾಕಬೇಡಿ. ಉಪ್ಪು, ಕಾಸ್ಟಿಕ್ ಸೇರಿದ ನೀರು ಕುಂಡದ ಮಣ್ಣನ್ನು ಒಂದೇ ಬೇಸಿಗೆಯಲ್ಲಿ ಕೆಡಿಸುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಸಾಕು. ಬೇರೂರಿದ ಮೇಲೆ ಎರಡು-ಮೂರು ದಿನಕ್ಕೊಮ್ಮೆ ನೀರು ಕೊಟ್ಟರೂ ಈ ಗಿಡ ಮುನಿಸಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಎಲೆಯ ಮೇಲೆ ಕೂತ ಹತ್ತಿಯ ನವಿರನ್ನು ನೀರು ಚಿಮುಕಿಸಿ ತೊಳೆದರೆ ಒಳ್ಳೆಯದು.

ಈಗ ಇಂದಿನ ಮಾತಿನ ಮುಖ್ಯ ಭಾಗಕ್ಕೆ ಬಂದೆ. ರೇಡಿಯೋ ಬಳಿ ಕುಳಿತವರು ದನಕರು ಕಟ್ಟಿದವರಾದರೆ, ಆಡು ಸಾಕಿದವರಾದರೆ ಇದನ್ನು ಗಮನವಿಟ್ಟು ಕೇಳಬೇಕು.

ಜೋಳದ ಎಳೆಯ ಪೈರಿಗೆ ಎತ್ತು-ಎಮ್ಮೆ ನುಗ್ಗಿದರೆ ಏನಾಗುತ್ತದೆಂದು ನಮ್ಮ ರೈತರಿಗೆ ಗೊತ್ತು. ಮಳೆ ತಪ್ಪಿ ಬಾಡಿದ ಮೊಣಕಾಲೆತ್ತರದ ಜೋಳ, ಇಲ್ಲವೆ ಕೊಯ್ದ ಕೂಳೆಯಿಂದ ಹೊಡೆದ ಚಿಗುರು, ಇವನ್ನು ಮೇಯ್ದ ದನ ಹೊಟ್ಟೆ ಉಬ್ಬಿ, ಏದುಸಿರು ಬಿಟ್ಟು, ತೂರಾಡಿ ಬೀಳುತ್ತದೆ. ಅದೇ ಜೋಳ ತೆನೆಬಿಟ್ಟು ಬಲಿತು ಒಣಗಿ ಕಣಿಕೆಯಾದಾಗ ಅಮೃತ. ಎಳೆಯದರಲ್ಲಿ ಇರುವ ವಿಷ ಸಯನೈಡ್. ಪೈರಿನಲ್ಲಿ ಅದು ಸಕ್ಕರೆಯ ಜೊತೆ ಬಂಧಿತವಾಗಿ ಸುಮ್ಮನಿರುತ್ತದೆ. ಎಲೆ ಜಗಿದು ಹೊಟ್ಟೆಗೆ ಹೋದಾಗ ಬಿಡುಗಡೆಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಈ ಬಿಡುಗಡೆ ಬಹಳ ಬೇಗ ಆಗುವುದರಿಂದಲೇ ದನ, ಎಮ್ಮೆ, ಆಡು, ಕುರಿಗಳಿಗೆ ಅಪಾಯ ಹೆಚ್ಚು.

ಸ್ವರ್ಗದ ಬಿದಿರಿನ ಎಲೆಯಲ್ಲಿಯೂ ಹಣ್ಣಿನಲ್ಲಿಯೂ ಇದೇ ಬಗೆಯ ವಿಷವಿದೆ. ಜೋಳ ಬಲಿತರೆ ವಿಷ ಇಳಿಯುತ್ತದೆ, ಇದಕ್ಕೆ ಆ ಭರವಸೆಯನ್ನು ಇಟ್ಟುಕೊಳ್ಳಬಾರದು. ಆಡು ತಾನಾಗಿ ಬಂದು ಬೇರೆ ಮೇವು ಬಿಟ್ಟು ಇದನ್ನೇ ತಿನ್ನುತ್ತದೆ ಎಂದೇನಿಲ್ಲ. ಅಪಾಯ ಬರುವುದು ಬೇರೆ ದಾರಿಯಿಂದ. ಗಿಡ ಕತ್ತರಿಸಿದ ಸೊಪ್ಪನ್ನು ನಾವು ಏನು ಮಾಡುತ್ತೇವೆ? ಹಸಿರು ಕಂಡರೆ ದನದ ಮುಂದೆ ಹಾಕುವುದು ನಮ್ಮ ಹಳ್ಳಿಯ ಕೈಯ ಅಭ್ಯಾಸ. ಪಟ್ಟಣದ ಬಂಗಲೆಯಲ್ಲಿ ಮಾಳಿ ಕತ್ತರಿಸಿದ್ದನ್ನು ಗೋಡೆಯಾಚೆ ಎಸೆಯುತ್ತಾನೆ, ಅಲ್ಲಿ ಯಾರದೋ ಆಡು ನಿಂತಿರುತ್ತದೆ. ಹಸಿದ ಪ್ರಾಣಿ ಬಾಡಿದ ಸೊಪ್ಪನ್ನು ಆರಿಸಿ ತಿನ್ನುವುದಿಲ್ಲ, ಬಾಚಿ ತಿನ್ನುತ್ತದೆ. ಆದ್ದರಿಂದ ಕತ್ತರಿಸಿದ ಒಂದು ಕಡ್ಡಿಯೂ ಗೋದಲಿಗೆ ಹೋಗಬಾರದು, ಗೋಡೆಯಾಚೆಗೂ ಹೋಗಬಾರದು. ಗುಂಡಿ ತೆಗೆದು ಹೂಳಬೇಕು.

ಜಾನುವಾರು ತಿಂದಿತೆಂಬ ಸಂಶಯ ಬಂದರೆ ಮನೆಮದ್ದು ಮಾಡುತ್ತ ಕೂಡುವ ಹೊತ್ತಲ್ಲ. ಉಸಿರು ಜೋರಾಗುವುದು, ಜೊಲ್ಲು, ನಡುಕ, ಒಸಡು-ಕಣ್ಣಿನ ಒಳಭಾಗ ಅತಿ ಕೆಂಪಾಗಿ ಕಾಣುವುದು, ಇವು ಲಕ್ಷಣ. ಪಶುವೈದ್ಯರ ಬಳಿ ಇದಕ್ಕೆ ಸೋಡಿಯಂ ಥಯೋಸಲ್ಫೇಟ್ ಎಂಬ ಔಷಧಿಯಿದೆ, ನರಕ್ಕೆ ಚುಚ್ಚಬೇಕು. ಅವರನ್ನು ಕರೆಯುವಾಗಲೇ ಏನು ತಿಂದಿದೆ ಎಂದು ಹೇಳಿದರೆ ಔಷಧಿ ಜೊತೆಗೆ ತರುತ್ತಾರೆ. “ಬಾಂಬೂ ತಿಂದೈತಿ” ಎಂದು ಹೇಳಿಬಿಟ್ಟರೆ ವೈದ್ಯರು ದಾರಿ ತಪ್ಪುತ್ತಾರೆ. ಬಿದಿರೆಲೆ ಮೇವಾಗಿ ಕೊಡುವುದು ಅವರಿಗೆ ಗೊತ್ತಿರುವುದೇ. ಹೆಸರು ಸರಿಯಾಗಿ ತಿಳಿದಿರಬೇಕು ಎಂದು ಆರಂಭದಿಂದ ಹೇಳುತ್ತಿರುವುದು ಇದಕ್ಕಾಗಿ. ಜೋಳದ ಚಿಗುರಿನ ವಿಷದಂಥದೇ ಎಂದು ಹೇಳಿದರೂ ಸಾಕು, ಕೂಡಲೇ ತಿಳಿಯುತ್ತಾರೆ.

ಹಕ್ಕಿಗಳ ಮಾತೂ ಇದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಥಾಮಸ್ ಕೌಂಟಿಯಲ್ಲಿ 2009ರ ಏಪ್ರಿಲ್ ತಿಂಗಳಲ್ಲಿ ಸೀಡರ್ ವ್ಯಾಕ್ಸ್‌ವಿಂಗ್ ಎಂಬ ಹಕ್ಕಿಗಳು ಹತ್ತಾರು ಒಟ್ಟಿಗೆ ಸತ್ತು ಬಿದ್ದವು. ಹೊಟ್ಟೆ ಕೊಯ್ದು ನೋಡಿದಾಗ ಅದರ ತುಂಬ ನಂದಿನಾ ಹಣ್ಣು. ಪಶುವೈದ್ಯ ಪ್ರಯೋಗಾಲಯದವರು ಸಯನೈಡ್ ಕಾರಣವೆಂದು 2010ರಲ್ಲಿ ಪ್ರಕಟಿಸಿದರು. ಆ ಹಕ್ಕಿಯ ಸ್ವಭಾವವೇ ಸಿಕ್ಕ ಹಣ್ಣನ್ನು ಕತ್ತಿನ ತನಕ ನುಂಗುವುದು. ಒಂದೆರಡು ಹಣ್ಣು ಕುಕ್ಕಿ ಹಾರಿಹೋಗುವ ಹಕ್ಕಿಗೆ ಅಷ್ಟು ಅಪಾಯವಿಲ್ಲ. ಆದರೂ ನಮ್ಮ ಗೊರವಂಕ, ಪಿಕಳಾರಗಳ ಮೇಲೆ ಪರೀಕ್ಷೆ ಮಾಡಿ ನೋಡಬೇಕಾದ ಅಗತ್ಯ ನಮಗೇನಿದೆ? ಅದೇ ದೇಶದ ಫ್ಲಾರಿಡಾದಲ್ಲಿ ಹಕ್ಕಿಗಳು ಉದುರಿಸಿದ ಬೀಜದಿಂದ ಈ ಗಿಡ ಕಾಡಿಗೂ ಹಬ್ಬಿ ಕಳೆಯಾಗಿದೆ. ಲಂಟಾನಾ ನಮ್ಮ ಗುಡ್ಡಗಳಿಗೆ ಮಾಡಿದ್ದನ್ನು ಕಂಡವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಅದಕ್ಕೇ ಹಣ್ಣು ಬಿಡದ ಕುಳ್ಳ ತಳಿ ತನ್ನಿ ಎಂದು ನಾನು ಒತ್ತಿ ಹೇಳುವುದು. ಈಗಾಗಲೇ ಎತ್ತರದ ಜಾತಿ ಮನೆಯಲ್ಲಿದ್ದರೆ ಅದನ್ನು ಕೀಳಬೇಕಾಗಿಲ್ಲ. ಹೂ ಬಾಡಿದೊಡನೆ ಗೊಂಚಲನ್ನು ಕತ್ತರಿಸಿದರೆ ಹಣ್ಣಿನ ಪ್ರಶ್ನೆಯೇ ಏಳುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ತಾಯಂದಿರು ಗಾಬರಿಯಾಗುವುದು ಬೇಡ. ಕಣಗಿಲೆ ನಮ್ಮ ಎಷ್ಟೋ ಅಂಗಳಗಳಲ್ಲಿದೆ, ಅದು ಇದಕ್ಕಿಂತ ಬಹಳ ಕಟುವಾದ ವಿಷ. ದೇವರ ಪೂಜೆಗೆ ಹೂ ಕೊಯ್ಯುತ್ತೇವೆ, ಮಕ್ಕಳಿಗೆ “ಬಾಯಿಗೆ ಹಾಕಬ್ಯಾಡ” ಎಂದು ಕಲಿಸಿದ್ದೇವೆ, ತಲೆಮಾರುಗಳಿಂದ ನಡೆದುಬಂದಿದೆ. ಇದಕ್ಕೂ ಅದೇ ಶಿಸ್ತು. ಆದರೆ ನೆಲದಲ್ಲಿ ಅಂಬೆಗಾಲಿಡುವ ಕೂಸಿದ್ದ ಮನೆಯಲ್ಲಿ ಕೆಂಪು ಹಣ್ಣಿನ ಕುಂಡವನ್ನು ಪಡಸಾಲೆಯಲ್ಲಿ ಇಡಬಾರದು. ಕೂಸಿಗೆ ಕೆಂಪು ಕಂಡರೆ ಕವಳಿ ಹಣ್ಣೇ.

ಬೇಸಾಯದ ಮಾತು ಚಿಕ್ಕದು. ಬೀಜದಿಂದ ಮಾಡಲು ಹೋಗಬೇಡಿ, ತಿಂಗಳುಗಟ್ಟಲೆ ಕಾಯಬೇಕು, ಬಂದ ಸಸಿ ತಾಯಿಯಂತೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಬುಡದಿಂದ ಎದ್ದ ಮರಿಯನ್ನು ಬೇರುಸಹಿತ ಬಿಡಿಸಿ ನೆಡುವುದೇ ಸರಳ. ರೋಹಿಣಿ ಕಳೆದು ಮಿರಗದ ಮಳೆ ನೆಲವನ್ನು ಒಂದು ಗೇಣು ನೆನೆಸಿದ ಮೇಲೆ ಮಾಡಬೇಕು. ಕುಂಡವಾದರೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಪೂರ್ತಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಎಲೆಗೊಬ್ಬರ, ಒಂದು ಹಿಡಿ ಮರಳು. ಬುಡಕ್ಕೆ ಕಬ್ಬಿನ ರವದಿ ಹೊದಿಸಿ. ಪಾಚಟ ಎಂದು ಕರೆದು ಹೊಲದಲ್ಲಿ ಬೆಂಕಿ ಹಚ್ಚುವ ಬದಲು ನಾಲ್ಕು ಹಿಡಿ ಇಲ್ಲಿಗೆ ತಂದರೆ ಏಪ್ರಿಲ್‌ನ ಬಿಸಿಲಲ್ಲಿ ಬೇರು ತಂಪಾಗಿರುತ್ತದೆ.

ಕತ್ತರಿಸುವ ರೀತಿಯನ್ನು ಮಾತ್ರ ಮಾಳಿಗಳಿಗೆ ಹೇಳಿಕೊಡಬೇಕಾಗುತ್ತದೆ. ಮೆಹೆಂದಿ ಬೇಲಿಯನ್ನು ಕತ್ತರಿಸಿದಂತೆ ಮೇಲಿನಿಂದ ಸಪಾಟು ಮಾಡಿದರೆ ಈ ಗಿಡ ಕೆಡುತ್ತದೆ. ಕೆಳಗೆ ಬರೀ ಕೋಲು, ಮೇಲೆ ಪೊರಕೆಯಂಥ ಗುಚ್ಛ ಉಳಿಯುತ್ತದೆ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮೂರರಲ್ಲಿ ಒಂದು ಪಾಲು ಹಳೆಯ ಕೋಲುಗಳನ್ನು ನೆಲಕ್ಕೆ ಸಮನಾಗಿ ತೆಗೆದುಬಿಡಬೇಕು. ಮೂರು ವರ್ಷದಲ್ಲಿ ಗಿಡವೆಲ್ಲ ಹೊಸದಾಗಿರುತ್ತದೆ, ಬುಡದಿಂದ ತುದಿಯವರೆಗೆ ಎಲೆ ತುಂಬಿರುತ್ತದೆ. ಕುಳ್ಳ ತಳಿಗಳಿಗೆ ಇದರ ಗೊಡವೆಯೇ ಇಲ್ಲ.

ಕೊನೆಗೆ, ಈ ಗಿಡ ಯಾರಿಗೆ ಬೇಡ ಎಂಬುದು. ದಿನವಿಡೀ ಬಿಸಿಲು ಬೀಳುವ, ಪಶ್ಚಿಮಕ್ಕೆ ತೆರೆದ ಅಂಗಳವಿದ್ದವರಿಗೆ ಬೇಡ. ಎಲೆಯ ಅಂಚು ಸುಟ್ಟು ಹೋಗುತ್ತದೆ. ಅವರಿಗೆ ಕೆಂಪು ಎಲೆಯೇ ಬೇಕಾದರೆ ಅಕಾಲಿಫಾ ಇದೆ. ಕಡ್ಡಿ ಚುಚ್ಚಿದರೆ ಬರುತ್ತದೆ, ಬಿಸಿಲು ಹೆಚ್ಚಾದಷ್ಟೂ ಬಣ್ಣ ಏರುತ್ತದೆ, ಪಕ್ಕದ ಮನೆಯ ಅಕ್ಕನನ್ನು ಕೇಳಿದರೆ ದುಡ್ಡಿಲ್ಲದೆ ಸಿಗುತ್ತದೆ. ಬೇಲಿಯೇ ಬೇಕಾದರೆ ಗಡಹಿಂಗ್ಲಜದ ಒಣ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಬಂದರಿಕೆಯಿದೆ, ಆಡು-ಕುರಿ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ, ನೀರೂ ಕೇಳುವುದಿಲ್ಲ. ಮುಳ್ಳಿನ ಕಾವಲು ಬೇಕಾದವರಿಗೆ ಕವಳಿ, ಮರಾಠಿಯ ಕರವಂದ, ಉಪ್ಪಿನಕಾಯಿಗೂ ಆಯಿತು. ನೆರಳಿನಲ್ಲಿ ಪರಿಮಳ ಬೇಕಾದವರಿಗೆ ಕಾಮಿನಿ. ನಿಜವಾದ ಬಿದಿರೇ ಬೇಕು, ಹೊಲದ ಬದುವಿನ ಮೇಲೆ ಜಾಗವಿದೆ ಎನ್ನುವವರು ಕೊಂಕಣದಿಂದ ಬರುವ ಮಾಣಗಾ ನೆಡಬಹುದು. ಮುಳ್ಳಿಲ್ಲ, ಕೋಲು ಗಟ್ಟಿ, ಬುಟ್ಟಿಗೂ ಏಣಿಗೂ ಆಗುತ್ತದೆ. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ‘ಮರ’ದ ಪಟ್ಟಿಯಿಂದ ತೆಗೆದಿದ್ದಾರೆ. ಸ್ವಂತ ಹೊಲದ ಬಿದಿರು ಕಡಿಯಲು ಮೊದಲಿದ್ದ ತೊಡಕು ಈಗಿಲ್ಲ.

ಕೊಟ್ಟಿಗೆ ಮನೆಗೆ ತಗುಲಿಕೊಂಡೇ ಇದ್ದು, ಆಡುಗಳು ಅಂಗಳದಲ್ಲಿ ಬಿಚ್ಚಿ ಓಡಾಡುವ ಮನೆಯವರು ಸ್ವರ್ಗದ ಬಿದಿರನ್ನು ನೆಲದಲ್ಲಿ ನೆಡುವುದು ಬೇಡ. ಮಗಳು ಬಿಡುವುದೇ ಇಲ್ಲವೆಂದಾದರೆ ಒಂದು ‘ಫೈರ್ ಪವರ್’, ಹನ್ನೆರಡು ಅಂಗುಲದ ಕುಂಡ, ಮಾಳಿಗೆಯ ಮೆಟ್ಟಿಲ ಮೇಲುತುದಿ, ಮೂಡಣದ ಬಿಸಿಲು. ಅಲ್ಲಿಗೆ ಆಡು ಹತ್ತದಂತೆ ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿಡಿ.